ಅಣ್ಣನ ಬೂದಿಗೊಂದು ಜಾಗ: ಕ್ಯಾಥೋಲಿಕ್ ಮನೆಯಲ್ಲಿ ಸಾವಾದಾಗ ಹೂಳುವುದು, ಸುಡುವುದು ಹೇಗೆ

2020ರ ಡಿಸೆಂಬರಿನಲ್ಲಿ ನನ್ನ ಅಣ್ಣ ಹೊನ್ನಾವರಕ್ಕೆ ಬಂದ. ಮಗನ ಕಾರಿನ ಹಿಂದಿನ ಸೀಟಿನಲ್ಲಿ, ಬಿಳಿ ಟವೆಲ್ಲಿನಲ್ಲಿ ಸುತ್ತಿದ ಹಿತ್ತಾಳೆಯ ತಂಬಿಗೆಯೊಳಗೆ.

ಅಣ್ಣ ಮೂವತ್ತೊಂದು ವರ್ಷ ಹಡಗಿನಲ್ಲಿ ದುಡಿದವನು. ಮುಂಬೈಯಲ್ಲಿ ಮನೆ ಮಾಡಿಕೊಂಡಿದ್ದ. ಜೂನ್ ತಿಂಗಳಲ್ಲಿ ಕೋವಿಡ್ ಬಂತು, ಒಂಬತ್ತೇ ದಿನದಲ್ಲಿ ಹೋದ. ಅಲ್ಲೇ ಸುಟ್ಟರು. ನಮಗೆ ಮುಖವೂ ಕಾಣಲಿಲ್ಲ. ಬೂದಿ ಐದಾರು ತಿಂಗಳು ಅವರ ಫ್ಲ್ಯಾಟಿನಲ್ಲೇ ಇತ್ತು.

ಬಂದ ಸಂಜೆಯೇ ಮಾತು ಶುರುವಾಯಿತು. ಅತ್ತಿಗೆಗೆ ತಂಬಿಗೆಯನ್ನು ಮನೆಯ ಆಲ್ತಾರಿನಲ್ಲಿ (ದೇವರ ಪೀಠದಲ್ಲಿ), ಮರಿಯಮ್ಮನವರ ಪ್ರತಿಮೆಯ ಪಕ್ಕ ಇಟ್ಟುಕೊಳ್ಳುವ ಆಸೆ. ಗೋವಾದಲ್ಲಿರುವ ತಂಗಿಗೆ ಒಂದು ಹಿಡಿ ಬೇಕು. ಮಗ ಹೇಳಿದ: "ಡ್ಯಾಡಿ ಜೀವನವಿಡೀ ಸಮುದ್ರದಲ್ಲೇ ಇದ್ದರು ಆಂಟಿ, ಶರಾವತಿ ಅಳಿವೆಯಲ್ಲಿ ಬಿಡೋಣ." ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅವರದು ಮೀನಿನ ಬೋಟು ಇದೆ, ನಮಗೆ ಬಹಳ ಬೇಕಾದವರು. "ಅಕ್ಕೋರೆ, ಗೋಕರ್ಣಕ್ಕೆ ಒಯ್ಯೋದಿಲ್ವಾ? ಬೋಟು ಬೇಕಾದ್ರೆ ನಾನು ಕೊಡ್ತೇನೆ" ಅಂದರು.

ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಚರ್ಚ್ ಏನು ಹೇಳುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ವರ್ಷಗಟ್ಟಲೆ ಕನ್ನಡ ಶಾಲೆಯಲ್ಲಿ ಕಲಿಸಿದವಳು. ನಮ್ಮ ವಾರ್ಡಿನಲ್ಲಿ ಯಾರು ತೀರಿಕೊಂಡರೂ ಜಪಸರ (ರೋಸರಿ) ಹೇಳಲು ನನ್ನನ್ನೇ ಕರೆಯುತ್ತಾರೆ. ನನಗೂ ಗೊತ್ತಿರಲಿಲ್ಲ. ಆಮೇಲೆ ಫಾದರ್ ಹತ್ತಿರ ಕೂತು ಕೇಳಿದೆ, ಓದಿದೆ. ನಿಮ್ಮ ಮನೆಯಲ್ಲಿ ಇಂಥ ಸಂಜೆ ಬರುವ ಮೊದಲೇ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಸುಡಬಹುದಾ?

ಸುಡಬಹುದು. ಪಾಪ ಅಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. 1886ರಲ್ಲಿ ರೋಮ್ ಇದನ್ನು ನಿಷೇಧಿಸಿತ್ತು. ಆಗ ಯುರೋಪಿನಲ್ಲಿ ಕೆಲವರು ಸತ್ತ ಮೇಲೆ ಏನೂ ಇಲ್ಲ, ಪುನರುತ್ಥಾನ ಎಲ್ಲ ಸುಳ್ಳು ಎಂದು ತೋರಿಸಲಿಕ್ಕೇ ಹೆಣ ಸುಡಿಸಿಕೊಳ್ಳುತ್ತಿದ್ದರು. ಚರ್ಚ್ ವಿರೋಧಿಸಿದ್ದು ಆ ಹಟವನ್ನು. 1963ರಲ್ಲಿ ನಿಷೇಧ ತೆಗೆದರು. ಬೆಂಕಿ ಆತ್ಮವನ್ನು ಮುಟ್ಟುವುದಿಲ್ಲ, ಸುಟ್ಟ ದೇಹವನ್ನು ಎಬ್ಬಿಸುವುದು ದೇವರಿಗೆ ಕಷ್ಟವೂ ಅಲ್ಲ ಎಂಬುದು ಆಗಿನ ವಿವರಣೆ. 1983ರ ಚರ್ಚ್ ಕಾನೂನಿನ 1176ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ: ಹೂಳುವ ಪದ್ಧತಿಯನ್ನು ಉಳಿಸಿಕೊಳ್ಳಿ ಎಂದು ಚರ್ಚ್ ಮನಸಾರೆ ಹೇಳುತ್ತದೆ, ಸುಡುವುದನ್ನು ತಡೆಯುವುದಿಲ್ಲ. ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ಸುಡಿಸಿಕೊಂಡರೆ ಮಾತ್ರ ತಡೆ.

ಹಾಗಾದರೆ ಹೂಳುವುದೇ ಒಳ್ಳೆಯದು ಅನ್ನುವುದು ಯಾಕೆ? ಮೊದಲನೆಯದು, ಯೇಸುಸ್ವಾಮಿಯನ್ನೂ ಹೂಳಿದರು. ಎರಡನೆಯದು, ದೇಹ ಬಿಟ್ಟುಹೋದ ಅಂಗಿ ಅಲ್ಲ. ಆ ದೇಹಕ್ಕೇ ಜ್ಞಾನಸ್ನಾನ (ಬ್ಯಾಪ್ಟಿಸಮ್) ಆಗಿದೆ, ಆ ನಾಲಿಗೆಯ ಮೇಲೇ ಪರಮಪ್ರಸಾದದ ರೊಟ್ಟಿ ಇಟ್ಟಿದ್ದಾರೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಕಾಳು ಬಿತ್ತುವ ಮಾತು ಹೇಳುತ್ತಾರೆ. ಬಿತ್ತಿದ್ದು ಕೊಳೆಯುವಂಥದ್ದು, ಎದ್ದು ಬರುವುದು ಕೊಳೆಯದಂಥದ್ದು. ಭತ್ತದ ಅಗೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಇನ್ನೊಂದು ಮಾತು. ಸಿಮೆಟರಿ ಎನ್ನುವುದು ಗ್ರೀಕ್ ಭಾಷೆಯಿಂದ ಬಂದ ಶಬ್ದ. ಅರ್ಥ ಮಲಗುವ ಜಾಗ. ಮಲಗಿದವರು ಏಳುತ್ತಾರೆ.

ನಮ್ಮ ಕರಾವಳಿಯಲ್ಲಿ ಸುಡಲೇಬೇಕಾಗುವ ಸಂದರ್ಭವೂ ಬರಬಹುದು. 2020ರ ಜುಲೈನಲ್ಲಿ ಕೇರಳದ ಆಲಪ್ಪುಳದ ಲ್ಯಾಟಿನ್ ಕ್ಯಾಥೋಲಿಕ್ ಧರ್ಮಕ್ಷೇತ್ರದವರು (ಒಬ್ಬ ಬಿಷಪ್ಪರ ಕೈಕೆಳಗಿನ ಚರ್ಚುಗಳವರು) ಕೋವಿಡ್‌ನಿಂದ ತೀರಿಕೊಂಡವರನ್ನು ಸುಟ್ಟು, ಬೂದಿಯನ್ನು ಚರ್ಚಿನ ಸ್ಮಶಾನದಲ್ಲಿ ಹೂಳಲು ಒಪ್ಪಿದರು. ಅಲ್ಲಿಯದು ಕಡಲ ಪಕ್ಕದ ನೆಲ. ಹೇಳಿದಷ್ಟು ಆಳ ತೋಡುವ ಮೊದಲೇ ನೀರು ಬರುತ್ತಿತ್ತು. ಆ ಸುದ್ದಿ ಓದಿದ ದಿನ ನಾನು ಅತ್ತಿಗೆಗೆ ಫೋನ್ ಮಾಡಿ ಓದಿ ಹೇಳಿದೆ. ಅಣ್ಣನನ್ನು ಸುಟ್ಟದ್ದು ತಪ್ಪಾಯಿತೇನೋ ಎಂದು ಅವರು ಆವರೆಗೂ ಅಳುತ್ತಿದ್ದರು. ಅಂದಿನಿಂದ ಸ್ವಲ್ಪ ಸಮಾಧಾನವಾಯಿತು.

ಸುಡುವುದೇ ಆದರೆ ಸಾಧ್ಯವಾದ ಮಟ್ಟಿಗೆ ದೇಹ ಇರುವಾಗಲೇ ಚರ್ಚಿನಲ್ಲಿ ಪೂಜೆ (ಮಾಸ್) ಮುಗಿಸಿ, ಆಮೇಲೆ ಸ್ಮಶಾನಕ್ಕೆ ಒಯ್ಯಿರಿ. ಅದು ಸರಿಯಾದ ಕ್ರಮ. ಸೌದೆಯಲ್ಲಿ ಸುಟ್ಟರೆ ಬೆಂಕಿ ಪೂರ್ತಿ ಆರಿದ ಮೇಲೆ ಮನೆಯವರೇ ಇಬ್ಬರು ಮೂವರು ಹೋಗಿ ಬೂದಿ, ಎಲುಬಿನ ಚೂರು ಎಲ್ಲ ಒಟ್ಟು ಮಾಡಿ. ಸಾಂಕೇತಿಕವಾಗಿ ಒಂದು ಹಿಡಿ ತಂದರೆ ಸಾಲದು. ಅದು ಅವರ ದೇಹ, ಆದಷ್ಟೂ ಪೂರ್ತಿ ಬರಬೇಕು. ಮುಚ್ಚಳ ಗಟ್ಟಿ ಇರುವ ಪಾತ್ರೆ ಸಾಕು. ಮಣ್ಣಿನದಾದರೂ ಆದೀತು, ಮರದ್ದಾದರೂ ಆದೀತು.

ಬೂದಿಯನ್ನು ಏನು ಮಾಡಬೇಕು

ನಮ್ಮ ಮನೆಯಲ್ಲಿ ಎದ್ದ ಮೂರೂ ಪ್ರಶ್ನೆಗಳಿಗೆ 2016ರಲ್ಲೇ ವ್ಯಾಟಿಕನ್ ಉತ್ತರ ಕೊಟ್ಟಿತ್ತು. ಆ ಸೂಚನೆಗೆ ಹಾಕಿದ ತಾರೀಕು ಆಗಸ್ಟ್ 15, ಮರಿಯಮ್ಮನವರು ದೇಹ ಸಮೇತ ಸ್ವರ್ಗಕ್ಕೆ ಏರಿದ ಹಬ್ಬದ ದಿನ. ದೇಹದ ಬಗ್ಗೆ ಮಾತಾಡಲು ಅದಕ್ಕಿಂತ ಒಳ್ಳೆಯ ದಿನ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಅದರ ಪ್ರಕಾರ ಬೂದಿ ಇರಬೇಕಾದದ್ದು ಪವಿತ್ರ ಸ್ಥಳದಲ್ಲಿ. ಅಂದರೆ ಸ್ಮಶಾನದಲ್ಲಿ, ಚರ್ಚಿನಲ್ಲಿ, ಅಥವಾ ಅದಕ್ಕಾಗಿಯೇ ಮೀಸಲಿಟ್ಟ ಜಾಗದಲ್ಲಿ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತೀರಾ ಅಪರೂಪದ, ಗಂಭೀರ ಕಾರಣವಿದ್ದರೆ ಮಾತ್ರ ಬಿಷಪ್ ಒಪ್ಪಿಗೆ ಕೊಡಬಹುದು. ಮನೆಯವರು ಹಂಚಿಕೊಳ್ಳುವಂತಿಲ್ಲ. ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲುವಂತಿಲ್ಲ. ಲಾಕೆಟ್, ಉಂಗುರದೊಳಗೆ ಹಾಕಿಸುವಂತಿಲ್ಲ.

ಕೇಳಿದಾಗ ಕಠಿಣ ಅನ್ನಿಸಿತು. ಫಾದರ್ ಅತ್ತಿಗೆಗೆ ಮೆತ್ತಗೆ ಹೇಳಿದರು: "ಮನೆಯಲ್ಲಿಟ್ಟರೆ ಅವರು ನಿಮ್ಮೊಬ್ಬರವರಾಗುತ್ತಾರೆ. ಸ್ಮಶಾನದಲ್ಲಿದ್ದರೆ ಅವರಿಗಾಗಿ ಊರೇ ಪ್ರಾರ್ಥಿಸುತ್ತದೆ." ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ನಿಮ್ಮ ನಂತರ, ನಿಮ್ಮ ಮಗನ ನಂತರ, ಈ ತಂಬಿಗೆ ಯಾರ ಕಪಾಟಿನಲ್ಲಿ ಇರುತ್ತದೆ? ಅತ್ತಿಗೆ ಸುಮ್ಮನಾದರು. ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು, "ಅತ್ತೆ ಮಾವನ ಹತ್ತಿರ ಇಡೋಣ."

ಲಾಕ್‌ಡೌನ್‌ನಲ್ಲಿ ಅಷ್ಟು ತಿಂಗಳು ಫ್ಲ್ಯಾಟಿನಲ್ಲಿ ಇತ್ತಲ್ಲ, ಅದು ತಪ್ಪಾಯಿತಾ ಎಂದೂ ಕೇಳಿದೆವು. ದಾರಿ ಇಲ್ಲದೆ ಕಾದದ್ದು ಬೇರೆ, ಇಟ್ಟುಕೊಳ್ಳುವುದು ಬೇರೆ ಅಂದರು ಫಾದರ್.

ಮಗನಿಗೆ ಸಮುದ್ರದ ಮಾತು ಬಿಡುವುದು ಕಷ್ಟವಾಯಿತು. ಅವನ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಅಳಿವೆಯ ನೀರು ಕೂಡಲೇ ಒಯ್ದುಬಿಡುತ್ತದೆ. ಹೆಸರು ಬರೆಯಲು ಒಂದು ಕಲ್ಲೂ ಉಳಿಯುವುದಿಲ್ಲ. ಮನುಷ್ಯ ಕೊನೆಗೆ ಪ್ರಕೃತಿಯಲ್ಲಿ ಕರಗಿಹೋಗುತ್ತಾನೆ, ಅಷ್ಟೇ, ಎನ್ನುವುದು ನಮ್ಮ ನಂಬಿಕೆ ಅಲ್ಲ. ಅಣ್ಣ ಅಣ್ಣನಾಗಿಯೇ, ಅವನ ಹೆಸರಿನಿಂದಲೇ ಎದ್ದು ಬರುತ್ತಾನೆ ಎನ್ನುವುದು ನಂಬಿಕೆ. ಪಕ್ಕದ ಮನೆಯವರಿಗೂ ನಾನು ಅದನ್ನೇ ಹೇಳಿದೆ. ಗೋಕರ್ಣದಲ್ಲಿ ಅಸ್ಥಿ ಬಿಡುವುದಕ್ಕೆ ಅವರ ಧರ್ಮದಲ್ಲಿ ಅದರದೇ ಅರ್ಥ ಇದೆ. ಅದನ್ನು ಸಾಲ ತಂದು ಮಾಡಿದರೆ ಅವರ ವಿಧಿಗೂ ನ್ಯಾಯವಲ್ಲ, ನಮ್ಮದಕ್ಕೂ ನ್ಯಾಯವಲ್ಲ. ಅವರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಗುಂಡಿ ತೋಡಲು ಸನಿಕೆ ಹಿಡಿದುಕೊಂಡು ಬಂದವರೂ ಅವರೇ.

ತಂಗಿಯ ಒಂದು ಹಿಡಿಯ ವಿಷಯ. 2023ರ ಡಿಸೆಂಬರಿನಲ್ಲಿ, ಇಟಲಿಯ ಬೊಲೊನ್ಯಾದ ಕಾರ್ಡಿನಲ್ ಜುಪ್ಪಿ ಕೇಳಿದ ಪ್ರಶ್ನೆಗೆ ವ್ಯಾಟಿಕನ್ ಎರಡು ವಿಷಯ ಹೇಳಿತು. ಒಂದು, ಅನೇಕರ ಬೂದಿಯನ್ನು ಒಂದೇ ಪವಿತ್ರ ಜಾಗದಲ್ಲಿ ಒಟ್ಟಿಗೆ ಇಡಬಹುದು, ಆದರೆ ಪ್ರತಿಯೊಬ್ಬರ ಹೆಸರೂ ಅಲ್ಲಿ ಇರಬೇಕು. ಎರಡು, ಸತ್ತವರ ಬದುಕಿಗೆ ಮುಖ್ಯವಾಗಿದ್ದ ಜಾಗದಲ್ಲಿ ತೀರಾ ಸ್ವಲ್ಪ ಭಾಗ ಇಡಬೇಕು ಎಂದು ಮನೆಯವರು ಕೇಳಿದರೆ ಚರ್ಚಿನ ಅಧಿಕಾರಿಗಳು ಪರಿಶೀಲಿಸಬಹುದು. ಅದರಲ್ಲಿ ನಂಬಿಕೆಗೆ ವಿರುದ್ಧವಾದ ಭಾವನೆ ಇರಬಾರದು, ಉಳಿದ ಬೂದಿ ಪವಿತ್ರ ಸ್ಥಳದಲ್ಲೇ ಇರಬೇಕು. ಹಾಗಾಗಿ ಈಗ ಯಾರಾದರೂ ಕೇಳಿದರೆ, ನೀವೇ ತೀರ್ಮಾನ ಮಾಡಬೇಡಿ, ಮೊದಲು ಫಾದರ್ ಹತ್ತಿರ ಹೋಗಿ ಎನ್ನುತ್ತೇನೆ. ನಮ್ಮ ತಂಗಿಗೆ ಅಣ್ಣನ ಜಪಸರ ಕೊಟ್ಟೆವು. ಹಡಗಿನಲ್ಲೂ ಅವನ ಜೇಬಿನಲ್ಲೇ ಇರುತ್ತಿದ್ದದ್ದು.

ಬೆಳಿಗ್ಗೆ ಏಳು ಗಂಟೆಗೆ ಪೂಜೆ ಆಯಿತು. ಬೂದಿ ಇಟ್ಟುಕೊಂಡು ಪೂಜೆ ಮಾಡುವ ಬಗ್ಗೆ ಮೊದಲೇ ಫಾದರ್ ಹತ್ತಿರ ಕೇಳಿಕೊಂಡಿದ್ದೆವು. ತಂಬಿಗೆಯನ್ನು ಸಣ್ಣ ಮೇಜಿನ ಮೇಲೆ, ಪಾಸ್ಕದ (ಈಸ್ಟರಿನ) ದೊಡ್ಡ ಮೇಣದಬತ್ತಿಯ ಪಕ್ಕ ಇಟ್ಟರು. ಸ್ಮಶಾನದಲ್ಲಿ ಅಪ್ಪ ಅಮ್ಮನ ಸಮಾಧಿಯ ತಲೆಯ ಕಡೆ ಎರಡೂವರೆ ಅಡಿ ಆಳದ ಗುಂಡಿ. ಬೂದಿಗೆ ಅಷ್ಟು ಸಾಕು, ಆದರೆ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಮೇಲೆ ಒಂದು ಚಿರೆಕಲ್ಲು ಮುಚ್ಚಿ. ಫಾದರ್ ತೀರ್ಥ ಹಾಕಿದರು, ಪ್ರಾರ್ಥನೆ ಹೇಳಿದರು. ಮಗನೇ ತಂಬಿಗೆ ಇಳಿಸಿದ. ಒಬ್ಬೊಬ್ಬರಾಗಿ ಮಣ್ಣು ಹಾಕಿದೆವು. ಆರು ತಿಂಗಳಿಂದ ಅಳದೇ ಇದ್ದ ಹುಡುಗ ಆಗ ಅತ್ತ.

ಹೂಳುವುದಾದರೆ

ಇದು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗಲೇ ಶುರುವಾಗುತ್ತದೆ. ಫಾದರನ್ನು ಆಗಲೇ ಕರೆಯಿರಿ. ಕರೆದರೆ ರೋಗಿ ಹೆದರುತ್ತಾರೆ ಎಂದು ಕಾಯುವವರೇ ಜಾಸ್ತಿ. ಎಣ್ಣೆ ಹಚ್ಚುವ ಸಂಸ್ಕಾರ ಜೀವ ಇರುವವರಿಗೆ, ಸತ್ತವರಿಗಲ್ಲ. ಪಾಪ ನಿವೇದನೆ, ಎಣ್ಣೆ, ಕೊನೆಯ ಪರಮಪ್ರಸಾದ, ಇವು ಮೂರೂ ಪ್ರಜ್ಞೆ ಇರುವಾಗ ಸಿಗಲಿ.

ಪ್ರಾಣ ಹೋದ ಮೇಲೆ ಮೊದಲು ಡಾಕ್ಟರು ನೋಡಿ ಚೀಟಿ ಬರೆಯಬೇಕು. ಆಮೇಲೆ ಚರ್ಚಿಗೆ ಫೋನ್. ಸಮಯ ಗೊತ್ತುಮಾಡುವ ಮೊದಲು ದೂರದ ಮಕ್ಕಳು ಎಷ್ಟು ಹೊತ್ತಿಗೆ ತಲುಪುತ್ತಾರೆ ಕೇಳಿಕೊಳ್ಳಿ. ಎರಡು ಸಲ ಸಮಯ ಬದಲಾಯಿಸಿದರೆ ಗುಂಡಿ ತೋಡುವವರಿಗೂ ಜನರಿಗೂ ತೊಂದರೆ. ಸರ್ಕಾರಿ ನೋಂದಣಿ 21 ದಿನದೊಳಗೆ ಆಗಬೇಕು. ಮನೆಯ ಹೊರಗಿನ ಯಾರಿಗಾದರೂ ಅದನ್ನು ಒಪ್ಪಿಸಿ, ಇಲ್ಲವಾದರೆ ಮರೆತೇಹೋಗುತ್ತದೆ.

ದೇಹವನ್ನು ಮನೆಯವರೇ ತೊಳೆದು ಬಟ್ಟೆ ಹಾಕುವುದು ನಮ್ಮಲ್ಲಿ ರೂಢಿ. ಬೇರೆಯವರಿಗೆ ಬಿಡಬೇಡಿ. ನಾನು ಅಮ್ಮನ ಕೂದಲು ಬಾಚಿದ್ದು ನನಗೆ ಈಗಲೂ ಕೈಯಲ್ಲಿ ನೆನಪಿದೆ. ಬೆರಳುಗಳಿಗೆ ಜಪಸರ ಸುತ್ತಿ, ತಲೆಯ ಹತ್ತಿರ ಶಿಲುಬೆ ಇಟ್ಟು, ಎರಡು ಮೇಣದಬತ್ತಿ ಹಚ್ಚಿ. ಜನ ಬಂದು ಕೂತಂತೆ ಜಪಸರ ನಡೆಯುತ್ತಿರಲಿ. ಕೊಂಕಣಿ ಬರುವವರು ಕೊಂಕಣಿಯಲ್ಲಿ, ಕನ್ನಡದವರು ಕನ್ನಡದಲ್ಲಿ. ಗಂಜಿ, ಚಹಾ ನೆರೆಯವರು ತರುತ್ತಾರೆ. ಬೇಡ ಅನ್ನಬೇಡಿ.

ಪೆಟ್ಟಿಗೆಗೆ ಹಣ ಸುರಿಯಬೇಡಿ. ಸಾದಾ ಮರದ್ದು ಸಾಕು. ಉಳಿದ ಹಣಕ್ಕೆ ಪೂಜೆ ಹೇಳಿಸಿ, ಬಡವರಿಗೆ ಕೊಡಿ. ಅಳತೆ ಮಾತ್ರ ಸರಿಯಾಗಿ ಕೊಡಿ. ತಲೆಯಿಂದ ಪಾದದವರೆಗಿನ ಉದ್ದ, ಭುಜದ ಅಗಲ ಎರಡೂ ಬೇಕು. ಗಲ್ಫಿನಿಂದ ದೇಹ ಬರುವುದಾದರೆ ಅಲ್ಲಿಂದ ಬರುವ ಪೆಟ್ಟಿಗೆ ನಮ್ಮೂರಿನದಕ್ಕಿಂತ ದೊಡ್ಡದಿರುತ್ತದೆ. ಅದರ ಅಳತೆ ಫೋನಿನಲ್ಲೇ ಕೇಳಿ, ಆಮೇಲೆ ಗುಂಡಿ ತೋಡಿಸಿ. ಒಂದು ಸಲ ನಮ್ಮಲ್ಲಿ ಪೆಟ್ಟಿಗೆ ಇಳಿಯದೆ, ತಾಯಿಯ ಎದುರಿಗೇ ಮತ್ತೆ ಅರ್ಧ ತಾಸು ಅಗೆಯಬೇಕಾಯಿತು. ಆ ತಾಯಿಯ ಮುಖ ನೆನೆದರೆ ಇಂದಿಗೂ ಸಂಕಟ.

ಮಳೆಗಾಲದ ಮಾತು ಸ್ವಲ್ಪ ಉದ್ದ ಹೇಳುತ್ತೇನೆ. ಜೂನ್ ಜುಲೈನಲ್ಲಿ ನಮ್ಮ ನೆಲ ನೀರು ಕುಡಿದು ಕೂತಿರುತ್ತದೆ. ಹಿಂದಿನ ಸಂಜೆ ತೋಡಿಟ್ಟರೆ ಬೆಳಿಗ್ಗೆ ಗುಂಡಿ ಬಾವಿಯಾಗಿರುತ್ತದೆ. ಅದಕ್ಕೇ ಅದೇ ದಿನ ಬೆಳಿಗ್ಗೆ ತೋಡಿಸಿ. ಮೇಲೆ ತಾಡಪಾಲು ಕಟ್ಟಿ, ನಾಲ್ಕೂ ಬದಿಗೆ ಮಣ್ಣಿನ ಏರಿ ಹಾಕಿ, ಹೊರಗಿನ ನೀರು ಒಳಗೆ ಹರಿಯಬಾರದು. ಮರಳು ನೆಲವಾದರೆ ಬದಿ ಕುಸಿಯುತ್ತದೆ. ಹಲಗೆ ಅಥವಾ ಹಳೆ ತಗಡು ಕೊಟ್ಟು ನಿಲ್ಲಿಸಬೇಕು. ಒಸರುವ ನೀರು ತೆಗೆಯಲು ಸಣ್ಣ ಪಂಪೋ, ಎರಡು ಬಕೀಟೋ ತಯಾರಿರಲಿ. ಪೆಟ್ಟಿಗೆ ಇಳಿಸುವ ಮೊದಲು ಒಬ್ಬರು ಹೋಗಿ ನೋಡಿಬರಲಿ. ತಳದಲ್ಲಿ ನೀರು ನಿಂತಿದ್ದರೆ ಒಣ ಮರಳು ಹಾಕಿ. ಪ್ರೀತಿಯವರನ್ನು ನೀರಿಗೆ ಇಳಿಸಿದ ಶಬ್ದ ಕೇಳಿದರೆ ಮನೆಯವರು ಅದನ್ನು ಮರೆಯುವುದಿಲ್ಲ.

ಚರ್ಚಿನಲ್ಲಿ ಪೆಟ್ಟಿಗೆಯನ್ನು ಕಾಲು ಆಲ್ತಾರಿನ ಕಡೆ ಬರುವಂತೆ ಇಡುತ್ತಾರೆ. ಧರ್ಮಗುರುಗಳಾದರೆ ತಲೆ ಆ ಕಡೆ. ತೀರ್ಥ ಹಾಕುವುದು ಜ್ಞಾನಸ್ನಾನದ ನೆನಪಿಗೆ, ಧೂಪ ಹಾಕುವುದು ಆ ದೇಹಕ್ಕೆ ಮರ್ಯಾದೆಯಾಗಿ. ಪ್ರಸಂಗ (ಫಾದರ್ ಪ್ರವಚನ) ದೇವರ ವಾಕ್ಯದ ಮೇಲೆ ಇರುತ್ತದೆ, ಸತ್ತವರ ಹೊಗಳಿಕೆ ಅಲ್ಲ. ಮನೆಯವರು ಎರಡು ಮಾತು ಹೇಳುವುದಿದ್ದರೆ ಪರಮಪ್ರಸಾದದ ನಂತರ, ಫಾದರ್ ಒಪ್ಪಿಗೆ ಪಡೆದು, ಚಿಕ್ಕದಾಗಿ. ಇನ್ನೊಂದು ಗೊತ್ತಿರಲಿ. ಕೆಲವು ದಿನ ಸಾವಿನ ಪೂಜೆ ಮಾಡುವಂತಿಲ್ಲ: ಕಡ್ಡಾಯ ಪೂಜೆಯ ದೊಡ್ಡ ಹಬ್ಬಗಳು, ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರ, ಈಸ್ಟರ್, ಮತ್ತು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ, ಈಸ್ಟರ್ ನಂತರದ ಪಾಸ್ಕ ಕಾಲದ ಭಾನುವಾರಗಳು. ಆ ದಿನ ಪ್ರಾರ್ಥನೆ ಮಾಡಿ ಹೂಳುತ್ತಾರೆ, ಪೂಜೆ ಇನ್ನೊಂದು ದಿನ. ನಮ್ಮವರಿಗೆ ಪೂಜೆ ನಿರಾಕರಿಸಿದರು ಎಂದು ನೊಂದುಕೊಳ್ಳಬೇಡಿ.

ಕಡಲಿಗೆ ಹೋದವರು ಮರಳದೇ ಇದ್ದರೆ, ದೇಹ ಸಿಗದೇ ಇದ್ದರೆ, ದೇಹ ಇಲ್ಲದೆಯೂ ಅವರಿಗಾಗಿ ಪೂಜೆ ಮಾಡಿಸಬಹುದು. ಮಾಡಿಸಿ.

ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳು

ಜೀವ ತೆಗೆದುಕೊಂಡವರಿಗೆ ಚರ್ಚಿನಲ್ಲಿ ಜಾಗ ಇಲ್ಲ ಎಂದು ಇನ್ನೂ ಪಿಸುಗುಡುವವರಿದ್ದಾರೆ. ಹಾಗಿಲ್ಲ. 1983ರ ಕಾನೂನಿನಲ್ಲಿ ಅಂತ್ಯಕ್ರಿಯೆ ನಿರಾಕರಿಸುವವರ ಪಟ್ಟಿಯಲ್ಲಿ ಅವರು ಇಲ್ಲ. ಮನಸ್ಸಿನ ಕಾಯಿಲೆ, ವಿಪರೀತ ಭಯ, ನೋವು ಇವು ಅವರ ಹೊಣೆಯನ್ನು ಕಡಿಮೆ ಮಾಡುತ್ತವೆ, ಅವರ ಮೋಕ್ಷದ ಬಗ್ಗೆ ಆಸೆ ಬಿಡಬಾರದು ಎಂದು ಚರ್ಚಿನ ಧರ್ಮೋಪದೇಶವೇ ಹೇಳುತ್ತದೆ. ಅಂಥ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ. ಕಿವಿಯಲ್ಲಿ ಕಾರಣ ಕೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ.

ಜ್ಞಾನಸ್ನಾನ ಆಗುವ ಮೊದಲೇ ತೀರಿದ ಮಗು? ಕೊಡಿಸಬೇಕೆಂದು ತಂದೆ ತಾಯಿಯ ಮನಸ್ಸಿನಲ್ಲಿದ್ದರೆ, ಬಿಷಪ್ ಅನುಮತಿಯಿಂದ ಚರ್ಚಿನ ವಿಧಿಯಂತೆ ಹೂಳಬಹುದು. ಮಗುವಿಗೆ ಹೆಸರಿಡಿ.

ದೇಹದಾನ, ಕಣ್ಣುದಾನ ಮಾಡಬಹುದು. ಅದು ಪುಣ್ಯದ ಕೆಲಸವೇ. ಕಾರವಾರದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ದೇಹ ಕೊಡುವುದಾದರೆ, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಮನೆಯವರಿಗೆ ಕೊಡುತ್ತಾರಾ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಕೊಟ್ಟರೆ ಅದಕ್ಕೂ ಸ್ಮಶಾನದಲ್ಲಿ ಜಾಗ ಬೇಕು.

ಆಮೇಲಿನ ದಿನಗಳು

ಏಳನೆಯ ದಿನ, ತಿಂಗಳು, ವರ್ಷ, ಈ ಪೂಜೆಗಳನ್ನು ಎಲ್ಲರೂ ಹೇಳಿಸುತ್ತಾರೆ. ಊಟ ದೊಡ್ಡದಾಗಬೇಕಿಲ್ಲ. ನವೆಂಬರ್ 2 ಸತ್ತವರೆಲ್ಲರ ದಿನ. ಅದಕ್ಕೆ ಒಂದು ವಾರ ಮೊದಲೇ ಕತ್ತಿ ಹಿಡಿದು ಹೋಗಿ ಸಮಾಧಿಯ ಹುಲ್ಲು ಸವರಿ. ಮಳೆ ಮುಗಿದ ಮೇಲೆ ನಮ್ಮಲ್ಲಿ ಸೊಂಟದೆತ್ತರ ಬೆಳೆದಿರುತ್ತದೆ, ಹಾವು ನೋಡಿಕೊಳ್ಳಿ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ, ಪಾಪ ನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ ಸೇರಿ ಪೂರ್ಣ ಕ್ಷಮಾಪಣೆಯ ವರ (ಕ್ಷಮಿಸಿದ ಪಾಪಕ್ಕೆ ಉಳಿದ ಶಿಕ್ಷೆಯೂ ಮಾಫಿ ಆಗುವ ವರ) ಸಿಗುತ್ತದೆ. ಅದನ್ನು ಸತ್ತವರಿಗೆ ಒಪ್ಪಿಸಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ, ಕಲ್ಲಿನ ಮೇಲಿನ ಹೆಸರು ಓದಿಸಿ. ನನ್ನ ಮೊಮ್ಮಗಳು ಕನ್ನಡ ಅಕ್ಷರ ಕೂಡಿಸಿ ಓದಿದ ಮೊದಲ ಹೆಸರು ಅಣ್ಣನದು.

ಕೊನೆಯ ಕೆಲಸ ಒಂದಿದೆ, ಅದನ್ನು ಈಗಲೇ ಮಾಡಬಹುದು. ಒಂದು ಹಾಳೆಯಲ್ಲಿ ಬರೆದಿಡಿ: ಹೂಳಬೇಕಾ ಸುಡಬೇಕಾ, ಯಾವ ಸ್ಮಶಾನ, ಕುಟುಂಬದ ಸಮಾಧಿ ಇದ್ದರೆ ಎಷ್ಟನೆಯ ಸಾಲು, ಯಾವ ಹಾಡು ಹೇಳಬೇಕು, ಚರ್ಚಿನ ಫೋನ್ ನಂಬರು. ಮಕ್ಕಳಿಗೆ ಓದಿ ಹೇಳಿ. ನನ್ನ ಹಾಳೆ ಆಲ್ತಾರಿನ ಕೆಳಗಿನ ಡ್ರಾಯರಿನಲ್ಲಿ, ಅಮ್ಮನ ಪ್ರಾರ್ಥನೆ ಪುಸ್ತಕದೊಳಗೆ ಇದೆ. ಅತ್ತಿಗೆಯೂ ಹೋದ ತಿಂಗಳು ಬರೆದು ಅದರ ಪಕ್ಕದಲ್ಲೇ ಇಟ್ಟಿದ್ದಾರೆ.